ಬರಿಗೈ ಬೀರವ್ವ

ಬಹಳ ಹಿಂದೆ, ನಮ್ಮಜ್ಜನ ಅಜ್ಜನಿಗೂ ಇನ್ನೂ ತೊಟ್ಟಿಲು ಕಟ್ಟದಿದ್ದ ಕಾಲದಲ್ಲಿ, ಹಾಸಬಂಡಿ ಅಂತ ಒಂದು ಊರಿತ್ತು. ಈಗಲೂ ಇದೆ. ಅದರ ಕಟ್ಟೆಯ ಮೇಲೇ ನಾವು ಕೂತಿದ್ದೇವೆ. ಆ ಊರಲ್ಲಿ ಬೀರವ್ವ ಅಂತ ಒಬ್ಬಳಿದ್ದಳು.

ಸುವರ್ಣಾ, ಮೊದಲು ಆ ಬಿಸ್ಕತ್ತು ಒಳಗಿಡು. ನಾಯಿಗೆ ಉಚ್ಚೆಯಲ್ಲಿ ಹರಳು ಕಟ್ಟಿದೆ, ಏನಾದರೂ ಪುಡಿ ಇದ್ದರೆ ಕೊಡು ಅಜ್ಜಾ ಅಂತ ಬಂದವಳು ನೀನು. ಪಟ್ಟಣದ ಡಾಕ್ಟರು ಏನು ತಿನ್ನಿಸಬೇಕು, ಏನು ತಿನ್ನಿಸಬಾರದು ಅಂತ ಬಿಡಿಸಿ ಹೇಳಿ ಕಳಿಸಿದ್ದಾರೆ ಅಂತಲೂ ನೀನೇ ಹೇಳಿದೆ. ಹೇಳಿ ಬಾಯಿ ಮುಚ್ಚುವ ಮೊದಲೇ ಮಡಿಲಲ್ಲಿರುವ ಆ ಬಿಳಿ ಮರಿಯ ಬಾಯಿಗೆ ಬಿಸ್ಕತ್ತು ಹೋಯಿತು. ಪುಡಿಯ ಮಾತು ಆಮೇಲೆ. ಮೊದಲು ಕತೆ ಕೇಳು. ಉಳಿದವರೂ ಕೇಳಿ, ನೀವೇನು ಕಡಿಮೆಯಿಲ್ಲ.

ಆಗಿನ ಹಾಸಬಂಡಿಯಲ್ಲಿ ಎಲ್ಲ ಕಲ್ಲೇ. ನೆಲಕ್ಕೂ ಹಾಸುಗಲ್ಲು, ಗೋಡೆಗೂ ಹಾಸುಗಲ್ಲು, ಮಾಡಿಗೂ ಹಾಸುಗಲ್ಲು. ಊರ ಹಿಂದೆ ಗಣಿ. ಗಂಡಸರು ಹೆಂಗಸರು ಹೆಚ್ಚುಕಡಿಮೆ ಎಲ್ಲರೂ ಗಣಿಗೆ ಹೋಗಿ ಕಲ್ಲು ಸೀಳಿ ತರುವವರು. ಬೀರವ್ವ ಗಣಿಗೆ ಹೋಗುತ್ತಿರಲಿಲ್ಲ. ಅವಳು ಕುರುಬರ ಹೆಣ್ಣುಮಗಳು. ಕುರಿ, ಆಡು, ನಾಯಿಗಳಿಗೆ ಮದ್ದು ಕೊಡುವುದು ಅವಳ ಕೆಲಸ. ಮದ್ದು ಕೊಡುವಾಗ ಬೈಯುವುದು ಅವಳ ಸ್ವಭಾವ. ಅವಳು ಬೈಯಲು ನಿಂತರೆ ಬೇವಿನ ಮರದ ಕಾಗೆಗಳು ಎದ್ದು ಪಕ್ಕದೂರಿನಲ್ಲಿ ಹೋಗಿ ಕೂರುತ್ತಿದ್ದವು ಅಂತಾರೆ. ಅವಳ ಬೈಗುಳಕ್ಕೆ ಗಣಿಯ ಕಲ್ಲು ತಾನಾಗಿ ಸೀಳುತ್ತಿತ್ತು ಅಂತಾರೆ. ಕಲ್ಲಿನ ಮಾತು ಸುಳ್ಳು. ಕಾಗೆಯದು ಇದ್ದರೂ ಇರಬಹುದು.

ಅವಳಿಗೆ ಸಿಟ್ಟು ಸುಮ್ಮನೆ ಬರುತ್ತಿರಲಿಲ್ಲ. ಮದ್ದು ಹುಡುಕಿ ತರುವುದು ಅವಳಿಗೆ ಕಷ್ಟವಲ್ಲ. ಕುಟ್ಟಿ, ಸೋಸಿ, ಕುದಿಸುವುದೂ ಕಷ್ಟವಲ್ಲ. ಮದ್ದು ತೆಗೆದುಕೊಂಡು ಹೋದವರು ಮನೆಗೆ ಹೋಗಿ ತಮಗೆ ತಿಳಿದಂತೆ ಮಾಡುತ್ತಿದ್ದರಲ್ಲ, ಅದು ಅವಳ ಕರುಳು ಉರಿಸುತ್ತಿತ್ತು. ಮೂರು ಹೊತ್ತು ಕೊಡಿ ಅಂದರೆ ಮೂರೂ ಹೊತ್ತಿನದನ್ನು ಒಂದೇ ಸಲ ಕೊಡುವರು. ಬಿಸಿ ಕೊಡಿ ಅಂದರೆ ತಂಪು ಕೊಡುವರು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ಗಾದೆ ಇದೆಯಲ್ಲ, ಅದರಲ್ಲಿ ಬೀರವ್ವನಿಗೆ ಮೊದಲರ್ಧ ಮಾತ್ರ ಗೊತ್ತಿತ್ತು.

ಅದೇ ಊರಲ್ಲಿ ಜಟ್ಟೆಪ್ಪ ಅಂತ ಒಬ್ಬ ಇದ್ದ. ಗುಂಡು ಎತ್ತುವವನು. ನಾಲ್ಕು ಜನ ಉರುಳಿಸಲಾರದ ಕಲ್ಲನ್ನು ಒಬ್ಬನೇ ಎತ್ತಿ ಹೆಗಲ ಮೇಲಿಂದ ಹಿಂದಕ್ಕೆ ಒಗೆಯುತ್ತಿದ್ದ ಅಂತಾರೆ. ಅಂಥ ಆಳು, ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಒಲೆ ಹೊತ್ತಿಸಲಿಲ್ಲ. ಯಾರಾದರೂ ಕೊಟ್ಟರೆ ತಿಂದ, ಇಲ್ಲದಿದ್ದರೆ ಇಲ್ಲ. ಗುಂಡು ಎತ್ತುವುದನ್ನೂ ಬಿಟ್ಟ, ಮಾತಾಡುವುದನ್ನೂ ಬಿಟ್ಟ. ಹೊಸ್ತಿಲ ಮೇಲೆ ಕೂತರೆ ಬಾಗಿಲಿಗೆ ಕದವೇ ಬೇಡ, ಅಷ್ಟು ದೊಡ್ಡ ದೇಹ. ಆದರೆ ಒಳಗೆ ಏನೂ ಉಳಿದಿರಲಿಲ್ಲ.

ಹೀಗಿರುವಾಗ ಉಪ್ಪು ಹೇರಿಕೊಂಡ ಲಮಾಣಿಗರ ಎತ್ತುಗಳು ಊರ ಮೇಲೆ ಹಾದುಹೋದವು. ಒಂದು ಉಪ್ಪಿನ ಚೀಲದ ಮೇಲೆ ಒಂದು ನಾಯಿ ಕೂತಿತ್ತು. ನಾಯಿ ಅಂದರೆ ಎಷ್ಟು? ಜಟ್ಟೆಪ್ಪನ ಅಂಗೈಯ ಮೇಲೆ ನಿಂತರೆ ಇನ್ನೂ ಜಾಗ ಉಳಿಯುತ್ತಿತ್ತು ಅಂತಾರೆ. ಕಿವಿ ಮಾತ್ರ ದೊಡ್ಡವು. ಅದು ಚೀಲದಿಂದ ಇಳಿದು ನೇರ ಬಂದು ಜಟ್ಟೆಪ್ಪನ ಪಾದದ ಮೇಲೆ ಮಲಗಿತು. ಎತ್ತುಗಳು ಹೋದವು, ನಾಯಿ ಹೋಗಲಿಲ್ಲ. ಸಂಜೆಗೆ ಅದು ಹಸಿದು ಕುಂಯ್ ಅಂದಿತು. ಜಟ್ಟೆಪ್ಪ ಎದ್ದ, ಬೂದಿ ತೆಗೆದ, ಒಲೆ ಹೊತ್ತಿಸಿದ. ಊರವರು ಆ ಹೊಗೆ ನೋಡಿ ಅತ್ತರು ಅಂತಾರೆ. ಇದನ್ನು ನಾನು ನಂಬುತ್ತೇನೆ.

ನಾಯಿಗೆ ಗುಂಜಿ ಅಂತ ಹೆಸರಿಟ್ಟ. ರುಮಾಲು ಸುತ್ತಿಕೊಂಡು ಅದರ ನಡುವೆ ಗೂಡು ಮಾಡಿ ಗುಂಜಿಯನ್ನು ಕೂರಿಸಿಕೊಂಡ. ಗಣಿಗೆ ಹೋದರೂ ತಲೆಯ ಮೇಲೆ ಗುಂಜಿ, ಸಂತೆಗೆ ಹೋದರೂ ತಲೆಯ ಮೇಲೆ ಗುಂಜಿ. ಬೆಳಿಗ್ಗೆ ಹತ್ತಿದ ನಾಯಿ ಸಂಜೆ ಇಳಿಯುತ್ತಿತ್ತು. ನಡುವೆ ನೀರಿಲ್ಲ, ಒಂದಕ್ಕೆ ಇಳಿಸುವುದಿಲ್ಲ. ಪ್ರೀತಿಗೆ ಬುದ್ಧಿ ಎಲ್ಲಿಂದ ಬರಬೇಕು.

ಇನ್ನು ಊರಿನದೊಂದು ಪದ್ಧತಿ. ನೋಡುವ ಬಾಯಿಗೆ ಕೊಡದೆ ತಿಂದರೆ ತಿಂದವರಿಗೆ ಹೊಟ್ಟೆನೋವು ಬರುತ್ತದೆ ಅಂತ ನಂಬಿಕೆ. ಬೇರೆ ಊರಲ್ಲೂ ಇದೆ, ಆದರೆ ನಮ್ಮವರು ಯಾವುದನ್ನೂ ಹದವಾಗಿ ಮಾಡುವುದಿಲ್ಲ. ನಾಯಿ ನೋಡಲಿ ಬಿಡಲಿ, ತುತ್ತು ಎತ್ತುವ ಮೊದಲು ನಾಯಿ ಎಲ್ಲಿದೆ ಅಂತ ಹುಡುಕಿ ಹಾಕುವರು. ದೊಡ್ಡ ನಾಯಿಗಳು ತಿಂದು, ಊರೆಲ್ಲ ಓಡಿ, ಹಳ್ಳದಲ್ಲಿ ನೀರು ಕುಡಿದು ಅರಗಿಸಿಕೊಂಡವು. ಗುಂಜಿ ತಲೆಯ ಮೇಲಿಂದ ಎಲ್ಲರ ತಟ್ಟೆಯನ್ನೂ ನೋಡುತ್ತಿತ್ತು. ಹೀಗಾಗಿ ಎಲ್ಲರೂ ಕೊಟ್ಟರು. ಉಪ್ಪು ಖಾರದ ಅಗಸೆ ಹಿಂಡಿ ಹಚ್ಚಿದ ರೊಟ್ಟಿ ಚೂರು, ಉಪ್ಪು ಹಪ್ಪಳ, ಸಂಡಿಗೆ, ಉಪ್ಪು ಸವರಿ ಒಣಗಿಸಿದ ಖಂಡದ ಎಳೆ. ದೊಡ್ಡ ನಾಯಿಗೆ ಅದು ತುತ್ತು. ಅಂಗೈಯಷ್ಟು ನಾಯಿಗೆ ಅದೇ ಹೊಟ್ಟೆ ತುಂಬ ಊಟ.

ಒಂದು ಬೆಳಿಗ್ಗೆ ಗುಂಜಿ ಕಾಲೆತ್ತಿ ನಿಂತಿತು. ನಿಂತೇ ಇತ್ತು. ಒಂದು ಹನಿ ಬಿತ್ತು. ಮುಂದೆ ಹೋಗಿ ಮತ್ತೆ ಕಾಲೆತ್ತಿತು. ಮತ್ತೊಂದು ಹನಿ, ಅದರಲ್ಲಿ ನೆತ್ತರು. ಜಟ್ಟೆಪ್ಪ ನಾಯಿಯನ್ನು ಎದೆಗೆ ಒತ್ತಿಕೊಂಡು ಬೀರವ್ವನ ಮನೆಗೆ ಓಡಿದ.

"ಎವ್ವಾ, ನನ್ನ ಗುಂಜಿಗಿ ಉಚ್ಚಿ ಹೊಯ್ಯಲಾಕ ಆಗವಲ್ದು. ಏನರ ಮಾಡು" ಅಂದ. ಹೆಂಡತಿ ಸತ್ತ ಮೇಲೆ ಅವನು ಮನುಷ್ಯರ ಜೊತೆ ಆಡಿದ ಮೊದಲ ಮಾತು ಅದು ಅಂತಾರೆ.

ಬೀರವ್ವನ ಮನೆಯ ಮುಂದೆ ಒಂದು ಕರಿ ಹಾಸುಗಲ್ಲು ಇತ್ತು. ಗುಂಜಿಯನ್ನು ಅದರ ಮೇಲೆ ನಿಲ್ಲಿಸಿದಳು. ನಾಲ್ಕು ಹನಿ ಬಿದ್ದವು. ಬಿಸಿಲಿಗೆ ಹನಿ ಆರಿದವು. ಆರಿದ ಕಡೆ ಬಿಳಿ ಪುಡಿ ಮಿಣಮಿಣ ಅನ್ನುತ್ತಿತ್ತು. ಜಟ್ಟೆಪ್ಪನ ಬೆರಳು ಹಿಡಿದು ಅದರ ಮೇಲೆ ಉಜ್ಜಿಸಿದಳು. ಉಸುಕು.

"ನಾಯಿ ಹೊಟ್ಯಾಗ ಗಣಿ ತಗದಿ ನೋಡು, ಜಟ್ಟೆಪ್ಪ" ಅಂದಳು. "ಗುಂಡು ಎತ್ತಾಂವ ನೀ. ಈಗ ಈ ಸಾಸಿವಿಯಷ್ಟು ಕಲ್ಲು ಎತ್ತು ನೋಡೂಣು."

ಬೀರವ್ವ ಮಾಡಬೇಕಾದ್ದನ್ನೆಲ್ಲ ಹೇಳಿದಳು. ನೀರು ಕಾಸಿ ಕಾಸಿ ನಮ್ಮ ಗಡಿಗೆಗಳ ತಳದಲ್ಲಿ ಬಿಳಿ ಕಟ್ಟುತ್ತದಲ್ಲ, ನೀರು ಕಡಿಮೆಯಾದ ಹೊಟ್ಟೆಯಲ್ಲೂ ಹಾಗೆಯೇ ಕಟ್ಟುತ್ತದೆ ಅಂದಳು. ಉಪ್ಪಿಲ್ಲದ ಜೋಳದ ನುಚ್ಚನ್ನು ನೀರು ನೀರಾಗಿ ಬೇಯಿಸಬೇಕು. ಕೋಳಿಯ ಎದೆಯ ಚೂರು ಸ್ವಲ್ಪ, ಅದು ಬೆಂದ ನೀರು ಜಾಸ್ತಿ. ಕಲ್ಲಿನ ಬಾನಿಯಲ್ಲಿ ಯಾವಾಗಲೂ ತಿಳಿನೀರು ಇರಬೇಕು. ತಲೆಯಿಂದ ಇಳಿಸಬೇಕು, ಇಳಿಸಿದ ಮೇಲೆ ಓಡಾಡಿಸಬೇಕು, ಕಾಲೆತ್ತಿ ನಿಂತರೆ ಅವಸರ ಮಾಡಬಾರದು. ಬೇರೆ ಒಂದು ಚೂರೂ ಬಾಯಿಗೆ ಹೋಗಕೂಡದು. ಇದೆಲ್ಲ ಹೇಳಿ ಕೊನೆಗೆ, ಹೊಲದಲ್ಲಿ ಕಾಲಿಗೆ ಚುಚ್ಚುವ ನೆಗ್ಗಿಲಮುಳ್ಳು ಇದೆಯಲ್ಲ, ಅದರ ಪುಡಿಯನ್ನೂ ಒಂದಿಷ್ಟು ಕೊಡೋಣ ಅಂದಳು.

ಕೊನೆಗೆ ಹೇಳಿದ್ದು ಪುಡಿ. ಊರು ಕೇಳಿಸಿಕೊಂಡದ್ದು ಪುಡಿ ಒಂದನ್ನೇ.

ಮರುದಿನ ಅವಳ ಮನೆಯ ಮುಂದೆ ಸಾಲು. ನಮ್ಮ ನಾಯಿಗೂ ಪುಡಿ ಕೊಡು, ನಮ್ಮ ಆಡಿಗೂ ಕೊಡು. ಒಬ್ಬಳು ತನ್ನ ಅತ್ತೆಗೂ ಪುಡಿ ಕೇಳಿದಳು ಅಂತಾರೆ. ಬೀರವ್ವ ತಲೆ ಚಚ್ಚಿಕೊಂಡಳು. ಒಂದೊಂದು ನಾಯಿಯ ಉಸುಕು ಒಂದೊಂದು ಬಗೆ, ಗುಂಜಿಗೆ ಆಗುವುದು ಇನ್ನೊಂದಕ್ಕೆ ವಿಷವಾದೀತು, ನೋಡದೆ ಕೊಡಲಾರೆ ಅಂದಳು. ಪುಡಿಯಿಂದ ಅಲ್ಲ, ಬಾಯಿ ಕಟ್ಟುವುದರಿಂದ ಗುಣ ಅಂದಳು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಅವರೆಲ್ಲ ಹೌದು ಹೌದು ಅಂತ ತಲೆಯಾಡಿಸಿ, ಹಾಗಾದರೆ ಪುಡಿಗೆ ಯಾವಾಗ ಬರಲಿ ಅಂದರು. ಕೊನೆಗೆ ರೋಸಿ ಹೋಗಿ, ಪುಡಿಯನ್ನು ಯಾರ ಕೈಗೂ ಕೊಡುವುದಿಲ್ಲ, ಗುಂಜಿಗೂ ಬೆಳಿಗ್ಗೆ ಸಂಜೆ ನಾನೇ ನನ್ನ ಕೈಯಾರೆ ತಿನ್ನಿಸುತ್ತೇನೆ ಅಂದುಬಿಟ್ಟಳು.

ಜಟ್ಟೆಪ್ಪ ಹೇಳಿದಂತೆಲ್ಲ ಮಾಡಿದ. ನುಚ್ಚು ಬೇಯಿಸಿದ, ಬಾನಿ ಕೆತ್ತಿದ, ನಾಯಿಯ ಹಿಂದೆ ಹಿಂದೆ ಓಡಾಡಿದ. ಅಷ್ಟು ದೊಡ್ಡ ಮನುಷ್ಯ ಅಷ್ಟು ಚಿಕ್ಕ ನಾಯಿ ಕಾಲೆತ್ತುವುದನ್ನೇ ಕಾಯುತ್ತ ಕೈಕಟ್ಟಿ ನಿಲ್ಲುವುದನ್ನು ನೋಡಲು ಮಕ್ಕಳು ಬರುತ್ತಿದ್ದರು ಅಂತಾರೆ. ನೆತ್ತರು ನಿಂತಿತು. ಆದರೆ ಕರಿಕಲ್ಲಿನ ಮೇಲೆ ಉಸುಕು ನಿಲ್ಲಲಿಲ್ಲ.

ಬೀರವ್ವ ಕೋಲು ಹಿಡಿದು ಮನೆ ಮನೆಗೆ ಹೊರಟಳು. ಯಾರು ಹಾಕಿದಿರಿ ಅಂತ ಕೇಳಿದಳು. ಗಾಣದ ನೀಲವ್ವ, ಎಣ್ಣೆ ತೆಗೆಯುವವಳು, ಬಾಯಿಗೆ ಸೆರಗು ಹಿಡಿದು ನಿಂತಳು.

"ನಾ ಎಲ್ಲಿ ಹಾಕೀನಿ ಎವ್ವಾ? ಹಪ್ಪಳ ಕೈಯಿಂದ ಜಾರಿ ಬಿತ್ತು."

"ದಿನಾ ಜಾರತದೇನು?"

"ಜಾರತದ. ಎಣ್ಣಿ ಕೈ ನೋಡು."

ಇನ್ನೊಬ್ಬ ಚಿಟಿಕೆಯಷ್ಟೇ ಕೊಟ್ಟೆ ಅಂದ. ಮತ್ತೊಬ್ಬ ಎಲ್ಲರೂ ನಿಲ್ಲಿಸಿದ್ದಾರೆ, ಪಾಪ ಹಸಿದೀತು ಅಂತ ಕೊಟ್ಟೆ ಅಂದ. ಬೀರವ್ವ ಬೈದಳು. ನಿಮ್ಮ ಕೈ ಸೇದಿ ಹೋಗಲಿ ಅಂದಳು, ನಿಮ್ಮ ಒಲೆಯಲ್ಲಿ ಬೆಕ್ಕು ಮಲಗಲಿ ಅಂದಳು, ನೀವು ಹಾಕುವ ತುತ್ತಲ್ಲ ಅದು, ಜಟ್ಟೆಪ್ಪನ ಒಲೆಗೆ ಸುರಿಯುವ ನೀರು ಅಂದಳು. ಕಾಗೆಗಳು ಎದ್ದು ಹೋದವು. ಊರವರು ತಲೆ ತಗ್ಗಿಸಿ ಬೈಸಿಕೊಂಡು, ಅವಳು ತಿರುವಿನಲ್ಲಿ ಮರೆಯಾದ ಮೇಲೆ ಊಟಕ್ಕೆ ಕೂತು, ಗುಂಜಿ ಎಲ್ಲಿದೆ ಅಂತ ನೋಡಿದರು. ಹೊಟ್ಟೆನೋವಿನ ಭಯ, ನೋಡಿ.

ಆಗ ಅವಳು ಬೇರೆ ದಾರಿ ಹಿಡಿದಳು. ಇವತ್ತು ಗುಂಜಿಗೆ ಏನು ಕೊಡಬೇಕು ಅನ್ನಿಸುತ್ತದೋ ಅದನ್ನು ಕೊಡಿ, ಆದರೆ ನಾಯಿಯ ಬಾಯಿಗಲ್ಲ, ತಂದು ನನ್ನ ಕಲ್ಲಿನ ಮೇಲೆ ಇಡಿ ಅಂದಳು. ಒಬ್ಬೊಬ್ಬರೇ ಬಂದರು. ಒಬ್ಬಳು ರೊಟ್ಟಿಯ ಅಂಚು ಇಟ್ಟಳು, ಒಬ್ಬ ಸಂಡಿಗೆ ಇಟ್ಟ. ಇಷ್ಟೇ ಇಷ್ಟು ಅಂತ ನಾಚಿಕೊಂಡು ಇಟ್ಟರು. ಹೊತ್ತು ಇಳಿಯುವ ವೇಳೆಗೆ ಬೀರವ್ವ ಗುಂಜಿಯನ್ನು ತಂದು ಆ ರಾಶಿಯ ಪಕ್ಕ ನಿಲ್ಲಿಸಿದಳು. ರಾಶಿ ನಾಯಿಗಿಂತ ಎತ್ತರವಿತ್ತು.

ಹನಿ ಹನಿ ಗೂಡಿದರೆ ಹಳ್ಳ ಅಂತ ಚಿಕ್ಕಂದಿನಿಂದ ಹೇಳಿಕೊಂಡು ಬಂದವರು ಅವರು. ಹಳ್ಳವನ್ನು ಕಣ್ಣಿಂದ ನೋಡಿದ್ದು ಆವತ್ತೇ. ಜಟ್ಟೆಪ್ಪ ರಾಶಿಯನ್ನು ನೋಡಿದ, ನಾಯಿಯನ್ನು ನೋಡಿದ, ಊರವರನ್ನು ನೋಡಿದ. ಗುಂಜಿಯನ್ನು ಎತ್ತಿಕೊಂಡು ಮನೆಗೆ ನಡೆದ. ಅದರ ಬದಲು ಒಂದೇಟು ಹೊಡೆದಿದ್ದರೆ ಚೆನ್ನಾಗಿತ್ತು ಅಂತ ನೀಲವ್ವ ಸಾಯುವವರೆಗೂ ಹೇಳುತ್ತಿದ್ದಳಂತೆ. ಅವತ್ತಿನಿಂದ ಊರು ನಿಜವಾಗಿ ಕೈ ಕಟ್ಟಿಕೊಂಡಿತು. ಹೊಟ್ಟೆ ನೋವು ಬಂದರೆ ಬರಲಿ ಅಂದರು. ಬರಲಿಲ್ಲ, ಅದು ಬೇರೆ ಮಾತು.

ಇಲ್ಲಿಗೆ ಕತೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಸುವರ್ಣಾ, ಅದರ ಬಾಯಿ ಯಾಕೆ ಅಲ್ಲಾಡುತ್ತಿದೆ? ಇರಲಿ, ನಾನೇ ತಪ್ಪು ನೋಡಿರಬೇಕು.

ಊರು ಕೈ ಕಟ್ಟಿತು, ಆದರೂ ಕರಿಕಲ್ಲಿನ ಮೇಲೆ ಉಸುಕು ಬೀಳುತ್ತಲೇ ಇತ್ತು. ಒಂದು ದಿನ ಅದೂ ಬೀಳಲಿಲ್ಲ. ಹನಿಯೇ ಇಲ್ಲ. ಗುಂಜಿ ಕಾಲೆತ್ತಿ ನಡುಗಿತು, ಬಿದ್ದಿತು. ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಜಟ್ಟೆಪ್ಪನ ಮನೆಯಲ್ಲಿ ಆವತ್ತು ಒಲೆ ಹೊತ್ತಲಿಲ್ಲ. ಬೀರವ್ವ ಬಿಸಿನೀರಿನ ಬಟ್ಟೆ ಒತ್ತಿ ಒತ್ತಿ, ಹೊಟ್ಟೆ ನೀವಿ ನೀವಿ ಕೂತಳು. ಜಟ್ಟೆಪ್ಪ ಗುಂಜಿಯ ತಲೆ ಹಿಡಿದು ಕೂತ. ಕೊನೆಗೆ ಯಾವ ದೇವರು ಕಣ್ಣು ಬಿಟ್ಟನೋ, ನೂಲಿನೆಳೆಯಷ್ಟು ಬಂತು. ಆಮೇಲೆ ಸಣ್ಣ ಧಾರೆ. ಜೊತೆಗೆ ಒಂದು ಕಲ್ಲು, ಸಾಸಿವೆಗಿಂತ ತುಸು ದಪ್ಪ.

"ಇನ್ನೊಮ್ಮಿ ಹಿಂಗ ಕಟ್ಟಿತಂದ್ರ ನನ್ನ ಕೈಲಿ ಆಗಂಗಿಲ್ಲ, ಜಟ್ಟೆಪ್ಪ" ಅಂದಳು ಬೀರವ್ವ. ಆಮೇಲೆ ಎದ್ದು ನಿಂತು, ಇನ್ನೂ ಯಾರೋ ಕದ್ದು ಹಾಕುತ್ತಿದ್ದಾರೆ, ಯಾರು ಅಂತ ನಾಳೆ ತೋರಿಸುತ್ತೇನೆ ಅಂದಳು.

ಮರುದಿನ ಬೆಳಿಗ್ಗೆ ಇಡೀ ಊರನ್ನು ಕರಿಕಲ್ಲಿನ ಮುಂದೆ ಸಾಲಾಗಿ ಕೂರಿಸಿದಳು. ಎಲ್ಲರೂ ಎರಡೂ ಅಂಗೈ ತೆರೆದು ನೆಲಕ್ಕೆ ಹತ್ತಿರ ಹಿಡಿಯಬೇಕು. ಮನುಷ್ಯರ ಬಾಯಿ ಸುಳ್ಳಾಡುತ್ತದೆ, ನಾಯಿಯ ಮೂಗು ಆಡುವುದಿಲ್ಲ, ಕೊಡುವ ಕೈ ಯಾವುದು ಅಂತ ಅದಕ್ಕೆ ಗೊತ್ತು ಅಂದಳು. ಸಾಲಿನ ಈ ತುದಿಯಲ್ಲಿ ಜಟ್ಟೆಪ್ಪ ಗುಂಜಿಯನ್ನು ಇಳಿಸಿದ. ಆ ತುದಿಯಲ್ಲಿ ಬೀರವ್ವ ಕೋಲು ಊರಿ ನಿಂತಳು. ಸಿಕ್ಕವರಿಗೆ ಏನು ಬೈಯಬೇಕು ಅಂತ ಬಾಯಲ್ಲೇ ಹೊಂದಿಸಿಕೊಳ್ಳುತ್ತಿದ್ದಳು ಅಂತಾರೆ.

ಗುಂಜಿ ನಡೆಯಿತು. ಒಂದು ಕೈ ಮೂಸಿತು, ಮುಂದೆ ಹೋಯಿತು. ಇನ್ನೊಂದು ಮೂಸಿತು, ಮುಂದೆ ಹೋಯಿತು. ನೀಲವ್ವನ ಕೈ ಹತ್ತಿರ ಬಂದಾಗ ಎಲ್ಲರೂ ಕತ್ತು ಚಾಚಿ ನೋಡಿದರು. ಅದನ್ನೂ ಮೂಸಿ ಮುಂದೆ ಹೋಯಿತು. ನೀಲವ್ವ ಅಲ್ಲೇ ಅತ್ತುಬಿಟ್ಟಳು. ಸಾಲು ಮುಗಿಯಿತು. ಯಾರ ಹತ್ತಿರವೂ ನಿಲ್ಲದ ಗುಂಜಿ ಬಾಲ ಅಲ್ಲಾಡಿಸುತ್ತ ಓಡಿಹೋಗಿ ಬೀರವ್ವನ ಮುಂದೆ ಹಿಂಗಾಲ ಮೇಲೆ ಎದ್ದು ನಿಂತಿತು. ಅವಳ ಬಲಗೈಯನ್ನು ನೆಕ್ಕತೊಡಗಿತು.

ನಾಯಿ ಬಾಯಿ ಬಿಟ್ಟು "ಇವಳೇ" ಅಂದಿತು ಅಂತ ಕೆಲವರು ಹೇಳುತ್ತಾರೆ. ಹೇಳುವವರ ತಲೆ. ನಾಯಿಗೆ ಮಾತು ಯಾಕೆ ಬೇಕು, ನೆಕ್ಕುವುದೇ ಸಾಲದೇ?

ಬೀರವ್ವ ಕೈಯನ್ನು ಮೂಗಿಗೆ ಹಿಡಿದಳು. ಖಂಡದ ವಾಸನೆ. ನೆಗ್ಗಿಲ ಪುಡಿ ಒಗರು. ಬರೀ ಪುಡಿಯನ್ನು ಗುಂಜಿ ಉಗುಳುತ್ತಿತ್ತು. ಹೀಗಾಗಿ ಅವಳು ಬೆಳಿಗ್ಗೆ ಒಂದು, ಸಂಜೆ ಒಂದು, ಉಪ್ಪು ಸವರಿ ಒಣಗಿಸಿದ ಖಂಡವನ್ನು ಕುಟ್ಟಿ ಉಂಡೆ ಮಾಡಿ, ಅದರ ಹೊಟ್ಟೆಯಲ್ಲಿ ಪುಡಿ ಇಟ್ಟು ತಿನ್ನಿಸುತ್ತಿದ್ದಳು. ಮದ್ದು ಒಳಗೆ ಹೋಗಬೇಕಲ್ಲ ಅಂತ. ಮದ್ದಿನ ಲೆಕ್ಕ ಇಟ್ಟಳು, ಉಂಡೆಯ ಲೆಕ್ಕ ಇಡಲಿಲ್ಲ. ಊರಿಗೆಲ್ಲ ಕೋಲು ಹಿಡಿದು ಕಾವಲಿದ್ದವಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ನೀಲವ್ವ ಕಣ್ಣೊರೆಸಿಕೊಂಡು ಏನೋ ಹೇಳಲು ಬಾಯಿ ತೆರೆದಳು. ಜಟ್ಟೆಪ್ಪ ಅವಳ ಕಡೆ ನೋಡಿದ. ಬಾಯಿ ಮುಚ್ಚಿದಳು. ಅವನು ನಿಧಾನ ನಡೆದು ಬಂದು ಬೀರವ್ವನ ಮುಂದೆ ನಿಂತ. ಅವನು ಅವಳನ್ನು ಎತ್ತಿ ಒಗೆಯುತ್ತಾನೆ ಅಂತಲೇ ಎಲ್ಲರೂ ಅಂದುಕೊಂಡರು.

"ಅವ್ರಿಗಿ ಬೈದಿದ್ದು ಒಂದೂ ಬಿಡಬ್ಯಾಡ, ಎವ್ವಾ" ಅಂದ. "ನಾ ಕೇಳ್ತೀನಿ."

ಆಗ ಬೀರವ್ವ ಕೋಲು ಕೆಳಗಿಟ್ಟಳು. ಎರಡೂ ಅಂಗೈ ತೆರೆದು ಊರಿಗೆ ತೋರಿಸಿದಳು. ತೋರಿಸಿ, ತನಗೆ ತಾನೇ ಬೈಯಲು ಶುರುಮಾಡಿದಳು. "ಬೀರವ್ವಾ, ಖೋಡಿ, ನಿನ್ನ ಕೈ ಸೇದಿ ಹೋಗ್ಲಿ. ಮಂದಿ ಕೈ ನೋಡಕೋತ ತಿರುಗಿದಿ, ನಿನ್ನ ಕೈ ನೀ ನೋಡ್ಲಿಲ್ಲಲ್ಲ" ಅಂದಳು. ನೀಲವ್ವನಿಗೆ ಅಂದದ್ದು, ಚಿಟಿಕೆಯವನಿಗೆ ಅಂದದ್ದು, ಅತ್ತೆಗೆ ಪುಡಿ ಕೇಳಿದವಳಿಗೆ ಅಂದದ್ದು, ಒಂದನ್ನೂ ಬಿಡದೆ ತನ್ನ ಹೆಸರಿಗೆ ಹಚ್ಚಿ ಅಂದುಕೊಂಡಳು. ನೆರಳು ಕಾಲ ಕೆಳಗಿಂದ ಆಚೆ ಸರಿಯುವವರೆಗೆ ಬೈದುಕೊಂಡಳು ಅಂತಾರೆ. ಆವತ್ತು ಕಾಗೆಗಳು ಏಳಲಿಲ್ಲ, ಮರದಲ್ಲೇ ಕೂತು ಕೇಳಿದವು ಅಂತಾರೆ. ಜಟ್ಟೆಪ್ಪ ಪೂರ್ತಿ ಕೇಳಿದ. ಕೇಳಿ ಮುಗಿದ ಮೇಲೆ ಬಾಗಿ ಅವಳ ಕೋಲನ್ನು ಎತ್ತಿ ಅವಳ ಕೈಗೇ ಕೊಟ್ಟ.

ಅಲ್ಲಿಂದ ಉಂಡೆ ನಿಂತಿತು. ಪುಡಿಯನ್ನು ಕೋಳಿ ಬೆಂದ ನೀರಿನಲ್ಲೇ ಕದಡಿ ಇಟ್ಟಳು. ಕುಡಿದರೆ ಕುಡಿಯಲಿ, ಬಿಟ್ಟರೆ ಬಿಡಲಿ ಅಂದಳು. ಗುಂಜಿ ಕುಡಿಯಿತು. ಕರಿಕಲ್ಲಿನ ಮೇಲೆ ಹನಿ ಆರಿದರೆ ಕಲ್ಲು ಕರಿದಾಗಿಯೇ ಉಳಿಯಿತು. ಪುಡಿಯಿಂದ ಗುಣವಾಯಿತು ಅಂತ ಊರು ಅಂದಿತು. ನೀರಿನಿಂದ ಅಂತ ಬೀರವ್ವ ಅಂದಳು, ಯಾರೂ ಕೇಳಲಿಲ್ಲ. ಗುಂಜಿಯ ಮೀಸೆ ಬೆಳ್ಳಗಾಗುವವರೆಗೆ ಜಟ್ಟೆಪ್ಪನ ಮಾಡಿನಿಂದ ದಿನಾ ಹೊಗೆ ಎದ್ದಿತು. ಗುಂಜಿ ಹೋದ ಮೇಲೂ ಎದ್ದಿತು. ಅಷ್ಟರಲ್ಲಿ ಅವನಿಗೆ ತನಗಾಗಿಯೂ ಬೇಯಿಸಿಕೊಳ್ಳುವುದು ರೂಢಿಯಾಗಿತ್ತು.

ಬೀರವ್ವ ಬೈಯುವುದನ್ನು ಬಿಟ್ಟಳು ಅಂದುಕೊಂಡಿರಾ? ಎಲ್ಲಿ ಬಿಡುತ್ತಾಳೆ. ಆದರೆ ಯಾರ ಮನೆಗೆ ಹೋದರೂ ಹೊಸ್ತಿಲಲ್ಲಿ ನಿಂತು ಮೊದಲು ತನ್ನೆರಡು ಅಂಗೈ ತೋರಿಸುತ್ತಿದ್ದಳು. ಆಮೇಲೆ ಬೈಯುತ್ತಿದ್ದಳು.

ಅವಳು ತೀರಿಕೊಂಡಾಗ ಜಟ್ಟೆಪ್ಪ ಮುದುಕನಾಗಿದ್ದ. ಆ ಕರಿಕಲ್ಲನ್ನು ಒಬ್ಬನೇ ಎತ್ತಿ, ಹೊತ್ತು, ಅವಳನ್ನು ಮಣ್ಣು ಮಾಡಿದ ಕಡೆ ನೆಟ್ಟ. ಅವನು ಎತ್ತಿದ ಕೊನೆಯ ಕಲ್ಲು ಅದು. ಈಗಲೂ ನಿಂತಿದೆ, ನೀವೆಲ್ಲ ನೋಡಿದ್ದೀರಿ. ಬರಿಗೈಲಿ ದೇವರ ಹತ್ತಿರ ಹೋಗಬಾರದು ಅಂತಾರೆ. ಬೀರವ್ವನ ಹತ್ತಿರ ಬರಿಗೈಲೇ ಹೋಗಬೇಕು. ಕಾಯಿ ಇಲ್ಲ, ಎಡೆ ಇಲ್ಲ, ಸಕ್ಕರೆ ಇಲ್ಲ. ಕಲ್ಲಿನ ಬುಡಕ್ಕೆ ಒಂದು ತಂಬಿಗೆ ನೀರು ಹಾಕಿ, ಎರಡೂ ಅಂಗೈ ತೆರೆದು ತೋರಿಸಿ ಬರುವುದು. ನಮ್ಮೂರಿನ ಪ್ರತಿ ಬಾಗಿಲಲ್ಲೂ ನಾಯಿಗೆ ಕಲ್ಲಿನ ಬಾನಿ ಇರುವುದು ಅದಕ್ಕೇ. ಮತ್ತೆ ನಮ್ಮೂರಲ್ಲಿ ಯಾರಾದರೂ ಯಾರನ್ನಾದರೂ ಬೈದರೆ, ಬೈದವರು ಮೊದಲು ಕೈ ತೋರಿಸಬೇಕು. ಪಂಚಾಯಿತಿಯಲ್ಲೂ ಹಾಗೆಯೇ, ಅತ್ತೆ ಸೊಸೆಯರಲ್ಲೂ ಹಾಗೆಯೇ.

ಪುಡಿ ಕೇಳಿದೆಯಲ್ಲ, ಸುವರ್ಣಾ. ನನ್ನ ಹತ್ತಿರ ಪುಡಿ ಇಲ್ಲ. ನಿಮ್ಮ ಡಾಕ್ಟರು ಹೇಳಿದ್ದು ಬೀರವ್ವ ಹೇಳಿದ ಹಾಗೇ ಇದೆ, ಅದನ್ನು ಮಾಡು. ಕತೆಯುದ್ದಕ್ಕೂ ಬೈದವನು ನಾನು, ಅದಕ್ಕೆ ಮೊದಲು ನಾನೇ. ಇಗೋ ನೋಡಿ ಎಲ್ಲರೂ, ಎರಡೂ ಕೈ.

ಈಗ ನೀನು ತೋರಿಸು. ಆ ಕೈಯಲ್ಲ ಮಗಳೇ. ನಾಯಿಯ ಹೊಟ್ಟೆಯ ಕೆಳಗಿದೆಯಲ್ಲ, ಅದು.